ತೂತು ಇದೆ, ದಾರಿ ಇಲ್ಲ

ಹರಿಹರ
೬-೧-೧೯೬೪

ದಾವಣಗೆರೆ ಇಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ಶಾಲೆಯ ಕರಿಬಸವರಾಜ ಅವರಿಗೆ,

ಇದು ಕ್ಷೇಮ ವಿಚಾರಿಸುವ ಪತ್ರವಲ್ಲ. ಆರು ವರ್ಷದಿಂದ ವಿಚಾರಿಸದ ಕ್ಷೇಮವನ್ನು ಈಗ ವಿಚಾರಿಸಿದರೆ ನಿಮಗೆ ನಗು ಬರುತ್ತದೆ, ನನಗೆ ನಾಚಿಕೆಯಾಗುತ್ತದೆ. ಕೆಲಸದ ಪತ್ರ, ಕೆಲಸದ ಹಾಗೆಯೇ ಓದಿಕೊಳ್ಳಿ.

ನಾನೀಗ ಇಲ್ಲಿ ಬಕ್ಕೇಶಪ್ಪ ಸಾಹುಕಾರರ ನೂಲಿನ ಬಣ್ಣದ ಕಾರ್ಖಾನೆಯಲ್ಲಿ ಗಾರೆ ಮೇಸ್ತ್ರಿ. ನೂಲಿಗೆ ಹಳದಿ ಬಣ್ಣ ಹಾಕಿದ ಮೇಲೆ ತೊಟ್ಟಿಯ ತಳದಲ್ಲಿ ರಾಡಿ ಉಳಿಯುತ್ತದೆ. ಮೂರು ವರ್ಷದ ರಾಡಿ ಹಿತ್ತಲಲ್ಲಿ ಗುಡ್ಡೆ ಬಿದ್ದಿದೆ. ಹಿತ್ತಲ ಗೋಡೆಯ ಆಚೆಗೆ ನಮ್ಮ ಕೇರಿ, ಕೇರಿಗೆಲ್ಲ ಒಂದೇ ಬಾವಿ. ಕಳೆದ ಮಳೆಗಾಲದಲ್ಲಿ ಆ ಬಾವಿಯ ನೀರು ಹಳದಿ ತಿರುಗಿತು. ಅದೇ ನೀರಿನಲ್ಲಿ ಭತ್ತ ನೆನೆಹಾಕುವ ಮಂಡಕ್ಕಿ ಭಟ್ಟಿಯ ಖತೀಜಾಬೀ, "ನೋಡ್ರಿ ಮೇಸ್ತ್ರಿ, ಒಗ್ಗರಣಿ ಹಾಕೋಕ್ ಮುಂಚೇನೇ ನನ್ನ ಮಂಡಕ್ಕಿ ಹಳದಿ ಆಗೈತೆ" ಎಂದು ಬೊಗಸೆ ತುಂಬ ತಂದು ತೋರಿಸಿದಳು. ಎಲ್ಲರೂ ನಕ್ಕೆವು. ಕೇರಿಯ ಮಕ್ಕಳ ಕೈಕಾಲಿಗೆ ಹುಣ್ಣು ಎದ್ದಾಗ ನಗು ನಿಂತಿತು.

ಈ ಸಲ ಮಳೆಗೆ ಮುಂಚೆ ಹಿತ್ತಲು ಖಾಲಿಯಾಗಬೇಕು, ಬಾವಿಯಿಂದ ಹನ್ನೆರಡು ಮಾರು ದೂರದಲ್ಲಿ ಗುಂಡಿ ತೋಡಿ ರಾಡಿಯನ್ನೆಲ್ಲ ಮುಚ್ಚಿಬಿಡಿ ಎಂದು ಸಾಹುಕಾರರು ಹೇಳಿದರು. ಬೇಡ, ರಾಡಿಗೆ ಸಿಮೆಂಟು ಕಲಸಿ ಅಚ್ಚು ಹೊಯ್ದು ಕಲ್ಲು ಮಾಡೋಣ, ಬಣ್ಣ ಕಲ್ಲಿನೊಳಗೇ ಸೆರೆಯಾಗುತ್ತದೆ ಎಂದೆ. "ಕಾಲೇಜಿನೋರು ಹೌದು ಅಂತ ಸಹಿ ಹಾಕಿಕೊಟ್ರೆ ನಿನ್ನ ಕಲ್ಲು. ಇಲ್ಲಾಂದ್ರೆ ನನ್ನ ಗುಂಡಿ. ಜೂನ್ ಒಂದಕ್ಕೆ ಗುದ್ದಲಿ ಬೀಳ್ತೈತೆ ನೋಡು" ಎಂದರು.

ಹತ್ತಿರದಲ್ಲಿ ಬೇರೆ ಪರೀಕ್ಷಾ ಶಾಲೆ ಇದ್ದಿದ್ದರೆ ಅಲ್ಲಿಗೇ ಬರೆಯುತ್ತಿದ್ದೆ. ಕಲ್ಲು ಕಳಿಸಲೇ?

ಗಾರೆ ಮೇಸ್ತ್ರಿ,
ಕೆಂಚವೀರಪ್ಪ

ದಾವಣಗೆರೆ
೧೦-೧-೧೯೬೪

ಮೇಸ್ತ್ರಿ ಕೆಂಚವೀರಪ್ಪ ಅವರಿಗೆ,

ಕಳಿಸಿ. ನಮ್ಮ ಪ್ರೊಫೆಸರ್ ಶಿವಯೋಗಪ್ಪನವರು ಒಪ್ಪಿದ್ದಾರೆ. ಸಹಿ ಅವರದು, ಪರೀಕ್ಷೆ ನನ್ನದು. ಮೂರಂಗುಲ ಉದ್ದ, ಅಗಲ, ಎತ್ತರದ ಹನ್ನೆರಡು ಕಲ್ಲು ಬೇಕು. ಎರಡು ವಾರ ಒದ್ದೆ ಗೋಣಿಚೀಲ ಹೊದಿಸಿ, ನೀರುಣಿಸಿ, ಆಮೇಲೆ ಬಸ್ಸಿಗೆ ಹಾಕಿ.

ನಾವು ನೋಡುವುದು ಎರಡು ಸಂಗತಿ. ಕಲ್ಲಿನೊಳಗೆ ಕಣ್ಣಿಗೆ ಕಾಣದ ತೂತು ಎಷ್ಟಿವೆ ಎಂಬುದು ಮೊದಲನೆಯದು. ಒಲೆಯಲ್ಲಿ ಒಣಗಿಸಿ ತೂಗುತ್ತೇವೆ, ನೀರು ಕುಡಿಸಿ ಮತ್ತೆ ತೂಗುತ್ತೇವೆ. ಹೆಚ್ಚಾದ ತೂಕವೇ ತೂತಿನ ಲೆಕ್ಕ. ಬಣ್ಣ ಹೊರಗೆ ನಡೆದು ಬರುತ್ತದೆಯೇ ಎಂಬುದು ಎರಡನೆಯದು. ನೀರು ಹರಿಯಲೇಬೇಕೆಂದಿಲ್ಲ. ಲೋಟದ ತಳಕ್ಕೆ ಬೆಲ್ಲ ಹಾಕಿ ಕಲಕದೆ ಬಿಟ್ಟರೂ ಒಂದೆರಡು ದಿನದಲ್ಲಿ ಮೇಲಿನ ನೀರಿಗೆ ಸಿಹಿ ಬರುತ್ತದಲ್ಲ, ಬಣ್ಣವೂ ನಿಂತ ನೀರಿನಲ್ಲಿ ಹಾಗೆಯೇ ನಡೆಯುತ್ತದೆ. ಗಾಜಿನ ಜಾಡಿಯಲ್ಲಿ ಕಲ್ಲು ಮುಳುಗಿಸಿಟ್ಟು ಅದನ್ನು ನೋಡುತ್ತೇವೆ.

ಮುಂದೆ ಕಾರ್ಖಾನೆಯಲ್ಲಿ ಯಾವ ಪಾಕ ಕಲಸುತ್ತೀರೋ ಅದೇ ಪಾಕದ ಕಲ್ಲು ಬರಲಿ. ಹಳೆಯದನ್ನು ಎತ್ತಿ ಆಡುತ್ತಿಲ್ಲ. ಎತ್ತಬಾರದೆಂದೂ ಅಲ್ಲ.

ಪರೀಕ್ಷಾ ಸಹಾಯಕ,
ಕರಿಬಸವರಾಜ

ದಾವಣಗೆರೆ
೨೪-೨-೧೯೬೪

ಮೇಸ್ತ್ರಿ ಕೆಂಚವೀರಪ್ಪ ಅವರಿಗೆ,

ನಿಮ್ಮ ಕಲ್ಲು ಬಂದ ದಿನ ಇಲ್ಲಿಯವರೆಲ್ಲ ಕೈಯಲ್ಲಿ ಹಿಡಿದು ಸವರಿದರು. ಅಂಥ ನುಣುಪು. ಹದಿನಾಲ್ಕು ದಿನ ಜಾಡಿಯಲ್ಲಿಟ್ಟೆ, ನೀರು ಒಂದಿಷ್ಟೂ ಬಣ್ಣ ತಿರುಗಲಿಲ್ಲ. ಶಿವಯೋಗಪ್ಪನವರು ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು. ತಡೆದವನು ನಾನು.

ಇಷ್ಟು ಚೆನ್ನಾಗಿ ಬಂದ ಫಲಿತಾಂಶವನ್ನು ಕಂಡರೆ ನನಗೆ ಸಂಶಯ. ಸುತ್ತಿಗೆ ತಂದು ಒಂದು ಕಲ್ಲನ್ನು ಎರಡು ಹೋಳು ಮಾಡಿ ಹೊಸ ನೀರಿಗೆ ಹಾಕಿದೆ. ಮರುದಿನ ಬಂದು ನೋಡಿದರೆ ಜಾಡಿಯ ತುಂಬ ಅರಿಸಿನದ ನೀರು. ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ಕಲ್ಲಿನ ಸುತ್ತ ಕಾಗದದಷ್ಟು ದಪ್ಪಕ್ಕೆ ಬರೀ ಸಿಮೆಂಟಿನ ಪದರ ಇದೆ. ನೀವು ಮೇಲೆ ಪುಡಿ ಸಿಮೆಂಟು ಚೆಲ್ಲಿ ಪಾಲಿಶ್ ಎಳೆದಿದ್ದೀರಿ. ಪರೀಕ್ಷೆಗೆ ಬರುವ ಕಲ್ಲಿಗೆ ಹಾಗೆ ಮಾಡುವುದಕ್ಕೆ ನಮ್ಮಲ್ಲಿ ಒಂದು ಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸಹಿ ಇಲ್ಲ.

ಕರಿಬಸವರಾಜ

ಹರಿಹರ
೨೮-೨-೧೯೬೪

ಕರಿಬಸವರಾಜ ಅವರಿಗೆ,

ಮೋಸ ಎಂದು ಬರೆಯಲು ಶಾಯಿ ಸಾಲಲಿಲ್ಲವೇ?

ಹಸಿ ಮೈಮೇಲೆ ಸಿಮೆಂಟು ಚೆಲ್ಲಿ ಕರಣೆ ಎಳೆಯದೆ ಕೆಲಸದಿಂದ ಏಳಬಾರದು ಎಂದು ನಮ್ಮಪ್ಪ ನನಗೆ ಕಲಿಸಿದ. ಮೂವತ್ತು ವರ್ಷದಿಂದ ಅದನ್ನೇ ಮಾಡಿದ್ದೇನೆ. ಒರಟು ಮೈಯ ಕೆಲಸ ನನ್ನ ಕೈಯಿಂದ ಊರ ಹೊರಗೆ ಹೋದದ್ದಿಲ್ಲ. ಅಳತೆ ಬರೆದಿರಿ, ಗೋಣಿಚೀಲ ಬರೆದಿರಿ, ಬೆಲ್ಲದ ಕಥೆಯನ್ನೂ ಬರೆದಿರಿ. ಮೈ ಒರಟಾಗಿ ಬಿಡಿ ಎಂದು ಒಂದು ಸಾಲು ಬರೆದಿದ್ದಿರಾ?

ಐವತ್ತೆಂಟರಲ್ಲಿ ನಿಮ್ಮ ಕಾಲೇಜಿನ ಹಾಸ್ಟೆಲಿಗೆ ನಾನು ಕಟ್ಟಿದ ಕುಡಿಯುವ ನೀರಿನ ತೊಟ್ಟಿಯನ್ನು ನೀವು ಫೇಲು ಮಾಡಿ ಒಡೆಸಿದಿರಿ. ಒಡೆಸಿದ್ದಕ್ಕೆ ಅಷ್ಟು ನೋವಿಲ್ಲ. ನೂರು ಜನರ ಮುಂದೆ ನಿಂತು, "ಕೆಂಚವೀರಪ್ಪನ ಗಾರೆ ಮುಟ್ಟಿದ ನೀರು ನಾ ಕುಡಿಯಾಕಿಲ್ಲ" ಅಂದಿರಿ. ಜಾತಿ ನೋಡಿ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ, ಯಾಕೆಂದರೆ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ನೀವು ನನ್ನ ಕೈ ನೋಡಿ ಅಂದಿರಿ. ಆಮೇಲೆ ದಾವಣಗೆರೆಯಲ್ಲಿ ನನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ನಾನು ನಮ್ಮಪ್ಪನ ಊರಾದ ಹರಿಹರಕ್ಕೆ ಮರಳಿ ಬಂದದ್ದು ಹೊಳೆ ನೋಡಲಿಕ್ಕಲ್ಲ.

ಗುಂಡಿಯನ್ನೇ ತೋಡಲಿ ಬಿಡಿ.

ಕೆಂಚವೀರಪ್ಪ

ಹರಿಹರ
೧೬-೩-೧೯೬೪

ಕರಿಬಸಣ್ಣನೋರಿಗೆ ಉಡಚಮ್ಮ ಹೇಳಿ ಬರೆಸಿದ್ದು. ನಾ ಹೆಂಗೆ ಹೇಳ್ತೀನೋ ಹಂಗೇ ಬರೀತೀನಿ ಅಂತ ಸಾಲಿ ಕಮಲಕ್ಕ ಟೀಚರ್ರು ಮಾತು ಕೊಟ್ಟಾರೆ.

ಅಣ್ಣಾ, ನಿಮ್ಮ ಗೆಳೆಯ, ನಮ್ಮ ಮನೆಯೋರು, ಹದಿನೈದು ದಿನದಿಂದ ಸರಿಯಾಗಿ ಉಂಡಿಲ್ಲ. ಬಾವಿ ಕಟ್ಟೆ ಮ್ಯಾಲೆ ಕುಂತು ನೀರು ನೋಡ್ತಾರೆ. ಒಡೆದ ಕಲ್ಲು ಹಳದಿ ಬಿಟ್ಟಿದ್ದು ಸುಳ್ಳೇನ್ರಿ ಅಂತ ನಾನೇ ಕೇಳ್ದೆ. ಎದ್ದು ಬಾವಿ ಕಡೆಗೆ ಹೋದ್ರು. ಸುಳ್ಳಲ್ಲ ಅಂತ ಅವ್ರಿಗೆ ಗೊತ್ತೈತೆ. ಗೊತ್ತಿರೋದಕ್ಕೇ ಅಷ್ಟು ಸಿಟ್ಟು.

ನಿಮ್ಮಿಬ್ಬರ ಜಗಳಕ್ಕೆ ಆರು ವರ್ಷ ಆತು, ಇನ್ನೂ ಆರು ವರ್ಷ ಬೇಕಾದ್ರೂ ಆಡ್ರಿ. ಬಾವಿಗೆ ಇರೋದು ಎರಡೂವರೆ ತಿಂಗಳು. ನೀವು ಓದಿದೋರು, ಮೊದ್ಲು ನೀವೇ ಒಂದು ಮಾತು ಬರೀರಿ. ನಾ ಬರೆಸಿದೆ ಅಂತ ಹೇಳಬ್ಯಾಡ್ರಿ. ಹೇಳಿದ್ರೂ ನನಗೇನ್ ಅಂಜಿಕಿಲ್ಲ.

ನಿಮ್ಮ ತಂಗಿ,
ಉಡಚಮ್ಮ

ದಾವಣಗೆರೆ
೧೯-೩-೧೯೬೪

ಕೆಂಚವೀರ,

ಬಹುವಚನ ಇಟ್ಟುಕೊಂಡು ಈ ಪತ್ರ ಬರೆಯಲಾರೆ. ಸಿಟ್ಟಿದ್ದರೆ ನೀನು ಇಟ್ಟುಕೋ.

ನಿನ್ನ ತೊಟ್ಟಿಯ ಗಾರೆ ಕಚ್ಚಾ ಇತ್ತು. ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಆದರೆ ಅದನ್ನು ನಿನ್ನ ಮನೆಗೆ ಬಂದು, ಪಕ್ಕದಲ್ಲಿ ಕುಳಿತು ಹೇಳಬೇಕಾಗಿತ್ತು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು, ಗೆಳೆಯನ ಕಡೆಗೆ ವಾಲಿದ ಎಂದು ಯಾರಾದರೂ ಅಂದಾರು ಎಂಬ ಹೆದರಿಕೆ. ಆ ಹೆದರಿಕೆಗೆ ಬೇಕಾದ್ದಕ್ಕಿಂತ ಜೋರಾಗಿ ಕೂಗಿದೆ. ಪರೀಕ್ಷೆ ಸರಿ, ಮಾತು ತಪ್ಪು. ಆರು ವರ್ಷ ತಡವಾಗಿ ಕೇಳುತ್ತಿದ್ದೇನೆ, ಮನ್ನಿಸು.

ಪಾಲಿಶ್ ವಿಷಯದಲ್ಲೂ ತಪ್ಪು ನನ್ನದೇ. ಕರಣೆ ಹಿಡಿದ ನಿನ್ನ ಕೈ ನುಣುಪು ಮಾಡದೆ ಬಿಡುವುದಿಲ್ಲ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ಆದರೆ ಒಂದು ಮಾತು ಕೇಳು. ಕಲ್ಲನ್ನು ಒಟ್ಟುವಾಗ ಮೂಲೆ ಚಕ್ಕೆ ಏಳುತ್ತದೆ, ಎರಡು ಬೇಸಿಗೆಗೆ ಮೇಲಿನ ಪದರ ಸೀಳುತ್ತದೆ. ಆಗ ಬಾವಿಯನ್ನು ಕಾಯಬೇಕಾದದ್ದು ಒಳಗಿನ ಮಾಲು. ಈಗ ಅದರಲ್ಲಿ ನೂರಕ್ಕೆ ಮೂವತ್ತಾರು ಪಾಲು ತೂತು ಇದೆ. ಒಳಗನ್ನು ಗಟ್ಟಿ ಮಾಡುವ ಉಪಾಯ ನಿನ್ನ ಕೈಯಲ್ಲೇ ಎಲ್ಲೋ ಇರಬೇಕು. ಹುಡುಕು.

ನಿನ್ನ,
ಕರಿಬಸವ

ಹರಿಹರ
೨೪-೩-೧೯೬೪

ಕರಿಬಸವ,

ಪತ್ರ ಬರೆ ಎಂದು ನಿನಗೆ ಯಾರು ಹೇಳಿದರೆಂದು ಕೇಳುವುದಿಲ್ಲ. ನಮ್ಮ ಮನೆಯ ಗೂಡಿನಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ಕಡಿಮೆಯಾಗಿದೆ, ಮತ್ತು ಮೊನ್ನೆಯಿಂದ ಉಡಚಮ್ಮ ನನ್ನ ಮುಖ ನೋಡದೆ ನಗುತ್ತಾಳೆ.

ನೀನು ಒಪ್ಪಿಕೊಂಡೆ, ಈಗ ನನ್ನ ಸರದಿ. ತೊಟ್ಟಿಯ ಮಾಲಿಗೆ ಆವತ್ತು ಎರಡು ಕೊಡ ನೀರು ಹೆಚ್ಚಿಗೆ ಹುಯ್ದಿದ್ದೆ. ಹಲಗೆಯ ಸಂದಿಗೆ ಸಲೀಸಾಗಿ ಇಳಿಯಲಿ, ಸಂಜೆಯೊಳಗೆ ಮುಗಿಯಲಿ ಎಂದು. ಮೇಲೆ ಕನ್ನಡಿಯ ಹಾಗೆ ಪಾಲಿಶ್ ಎಳೆದೆ. ಕೆಲಸದವರಿಗೂ ಗೊತ್ತಾಗಲಿಲ್ಲ. ನಿನಗೊಬ್ಬನಿಗೆ ಗೊತ್ತಾಯಿತು. ಅದಕ್ಕೇ ನಿನ್ನ ಮುಖ ನೋಡಲಾಗಲಿಲ್ಲ.

ಇನ್ನು ಉಪಾಯ. ಮುನಿಸಿಕೊಂಡು ಬಾವಿ ಕಟ್ಟೆಯ ಮೇಲೆ ಕುಳಿತದ್ದೂ ದಂಡವಾಗಲಿಲ್ಲ. ಬಾವಿಯ ಒಳಗೋಡೆ ನಮ್ಮಪ್ಪ ಕಟ್ಟಿದ್ದು. ನಲವತ್ತು ವರ್ಷ ನೀರಿನಲ್ಲಿದ್ದರೂ ಅದರ ಗಾರೆಗೆ ಉಗುರು ಇಳಿಯುವುದಿಲ್ಲ. ಸುಣ್ಣಕ್ಕೆ ಅವನು ಮಂಡಕ್ಕಿ ಭಟ್ಟಿಯಲ್ಲಿ ಉರಿಸಿದ ಭತ್ತದ ಹೊಟ್ಟಿನ ಬೂದಿ ಬೆರೆಸುತ್ತಿದ್ದ. ಚಿಕ್ಕವನಿದ್ದಾಗ ಆ ಬೂದಿ ಹೊತ್ತು ತಂದವನು ನಾನೇ. ಸಿಮೆಂಟು ಬಂದ ಮೇಲೆ ಅದನ್ನೆಲ್ಲ ಹಳೆಯ ಕಾಲದ್ದು ಎಂದು ಮರೆತಿದ್ದೆ.

ಖತೀಜಾಬೀಯ ಭಟ್ಟಿಗೆ ಹೋದೆ. ಕರಿ ಬೂದಿ ತುಂಬಿಕೊಳ್ಳುತ್ತಿದ್ದರೆ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅದು ಪಾತ್ರೆ ತಿಕ್ಕೋಕ್ ಅಷ್ಟೇ. ಅರ್ಧ ಬೆಂದಿರೋದು. ನಿಮ್ಮಪ್ಪ ಬೂದು ಬಣ್ಣದ್ದೇ ಆರಿಸ್ಕೊಂಡು ಹೋಗ್ತಿದ್ರು ಅಂತ ನಮ್ಮತ್ತಿ ಹೇಳ್ತಿದ್ರು" ಎಂದಳು. ಅದಕ್ಕೆ ರಾಡಿ ಸಿಮೆಂಟಿನ ಪಾಕಕ್ಕೆ ಬೂದಿ ಬೆರೆಸಿ ಎರಡು ಬಗೆಯ ಕಲ್ಲನ್ನೂ ಹೊಯ್ದಿದ್ದೇನೆ, ಕರಿ ಬೂದಿಯದು ಮತ್ತು ಬೂದು ಬೂದಿಯದು. ನೀರು ಅಳೆದು ಹಾಕಿ, ಕಬ್ಬಿಣದ ಸರಳಿನಿಂದ ಜಡಿದಿದ್ದೇನೆ. ನಾಲ್ಕು ವಾರ ನೀರುಣಿಸಿ ಕಳಿಸುತ್ತೇನೆ.

ಮೈ ಒರಟಾಗಿಯೇ ಬಿಟ್ಟಿದ್ದೇನೆ. ಕೈ ತುರಿಸಿತು. ಉಡಚಮ್ಮ ಕರಣೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು.

ಕೆಂಚವೀರ

ದಾವಣಗೆರೆ
೩೦-೪-೧೯೬೪

ಕೆಂಚವೀರ,

ಸುದ್ದಿ ಚೆನ್ನಾಗಿಲ್ಲ. ಒಣಗಿಸಿ ತೂಗಿದೆ, ನೀರು ಕುಡಿಸಿ ತೂಗಿದೆ, ನಂಬಿಕೆ ಬಾರದೆ ಮತ್ತೊಮ್ಮೆ ಎಲ್ಲ ಮಾಡಿದೆ. ಬೂದಿ ಇಲ್ಲದ ಮೊದಲಿನ ಕಲ್ಲಿನಲ್ಲಿ ನೂರಕ್ಕೆ ಮೂವತ್ತಾರು ಪಾಲು ತೂತು. ಕರಿ ಬೂದಿಯದರಲ್ಲಿ ಮೂವತ್ತೈದು, ಬೂದು ಬೂದಿಯದರಲ್ಲಿ ಮೂವತ್ಮೂರು. ನಾವಿಬ್ಬರೂ ಅಂದುಕೊಂಡಿದ್ದು ಹದಿನೈದೋ ಇಪ್ಪತ್ತೋ.

ಶಿವಯೋಗಪ್ಪನವರು, "ಇಷ್ಟು ತೂತು ಇಟ್ಕೊಂಡು ನಾನು ಹೆಂಗೆ ಸಹಿ ಹಾಕ್ಲಿ ಕರಿಬಸವರಾಜ?" ಎಂದರು. ಆದರೂ ಮೂರೂ ಬಗೆಯ ಕಲ್ಲನ್ನು ಒಡೆದು, ಹೋಳುಗಳನ್ನು ಇವತ್ತು ಜಾಡಿಗೆ ಹಾಕಿದ್ದೇನೆ. ಕಿಟಕಿಯ ಬಳಿ ಸಾಲಾಗಿ ಇಟ್ಟಿದ್ದೇನೆ.

ಉಡಚಮ್ಮನಿಗೆ ಈ ಪತ್ರ ಓದಿ ಹೇಳಬೇಡ.

ಕರಿಬಸವ

ಹರಿಹರ
೮-೫-೧೯೬೪

ಕರಿಬಸವ,

ಸಾಹುಕಾರರು ಬಾವಿಯ ಹತ್ತಿರ ಗುಂಡಿಗೆ ಸುಣ್ಣದಲ್ಲಿ ಗೆರೆ ಎಳೆಸಿದ್ದಾರೆ. ನೀರು ಸೇದಲು ಬಂದವರು ಗೆರೆ ತುಳಿಯದೆ ಸುತ್ತು ಹಾಕಿ ಬರುತ್ತಾರೆ. ಯಾರೂ ಅವರಿಗೆ ಹಾಗೆ ಮಾಡಿ ಎಂದು ಹೇಳಿಲ್ಲ.

ಸಾಹುಕಾರರು ಕೆಟ್ಟವರಲ್ಲ. ಮಾತಿಗೆ ನಿಲ್ಲುವವರು. ಅದೇ ನನಗೆ ಭಯ, ಜೂನ್ ಒಂದು ಎಂದರೆ ಜೂನ್ ಒಂದೇ. ನೀನು ಜಾಡಿ ನೋಡುತ್ತಿರು.

ಕೆಂಚವೀರ

ದಾವಣಗೆರೆ
೨೬-೫-೧೯೬೪

ಕೆಂಚವೀರಾ,

ಗೆದ್ದೆವು ಕಣೋ! ಲಕೋಟೆಯಲ್ಲಿ ಇನ್ನೊಂದು ಕಾಗದ ಇದೆ, ಅದರ ಕೆಳಗೆ ಸಹಿ ಇದೆ, ಸಹಿಯ ಮೇಲೆ ಮೊಹರು ಇದೆ. ಮೊದಲು ಅದನ್ನು ನೋಡಿ ಬಾ, ಆಮೇಲೆ ಇದನ್ನು ಓದು.

ಬೂದಿ ಇಲ್ಲದ ಹೋಳು ಮರುದಿನವೇ ಹಳದಿ ಬಿಟ್ಟಿತು. ಕರಿ ಬೂದಿಯದು ಮೂರನೆಯ ದಿನ ತೆಳ್ಳಗೆ ಶುರುಮಾಡಿ ವಾರದಲ್ಲಿ ಕಡು ಹಳದಿಯಾಯಿತು. ಬೂದು ಬೂದಿಯದು ಏಳು ದಿನ ತಿಳಿ, ಹದಿನಾಲ್ಕು ದಿನ ತಿಳಿ. ಯಾರೋ ನೀರು ಬದಲಿಸಿರಬೇಕೆಂದು ಎಲ್ಲರನ್ನೂ ಗದರಿಸಿದೆ. ಇವತ್ತಿಗೆ ಇಪ್ಪತ್ತಾರು ದಿನ. ಶಿವಯೋಗಪ್ಪನವರು ಜಾಡಿಯನ್ನು ಬಿಸಿಲಿಗೆ ಒಯ್ದು, ಹಿಂದೆ ದಿನಪತ್ರಿಕೆ ಹಿಡಿದು, ನೀರಿನ ಮೂಲಕ ಅಡಿಕೆ ಧಾರಣೆಯನ್ನು ಗಟ್ಟಿಯಾಗಿ ಓದಿದರು. ಕಣ್ಣಿಗೆ ಕಾಣದ ಬಣ್ಣವನ್ನೂ ತೋರಿಸುವ ಮದ್ದು ಹಾಕಿ ನೋಡಿದೆವು. ಬೂದಿ ಇಲ್ಲದ ಕಲ್ಲು ಬಿಟ್ಟದ್ದರ ನಲವತ್ತರಲ್ಲಿ ಒಂದು ಪಾಲನ್ನೂ ಇದು ಬಿಟ್ಟಿಲ್ಲ. ಅದೂ ಮೊದಲ ವಾರ ಬಂದದ್ದು, ಆಮೇಲೆ ನಿಂತಿದೆ.

ತೂತು ಅಷ್ಟೇ ಇರುವಾಗ ಇದು ಹೇಗೆ ಎಂದು ನೀನು ಕೇಳುತ್ತೀಯ. ನಾನೂ ಕೇಳಿದೆ. ಶಿವಯೋಗಪ್ಪನವರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಮನೆಗಳನ್ನು ಬರೆದರು. "ತೂತು ಅಂದ್ರೆ ಕೋಣೆ ಅಂತ ತಿಳ್ಕೊ. ಕೋಣೆ ಎಷ್ಟಿದ್ರೂ ಚಿಂತಿಲ್ಲ, ಕೋಣೆಯಿಂದ ಕೋಣೆಗೆ ಬಾಗಿಲು ಇರಬಾರ್ದು. ನಿನ್ನ ಗೆಳೆಯನ ಬೂದಿ ಬಾಗಿಲುಗಳನ್ನೆಲ್ಲ ಗಾರೆ ಹಾಕಿ ಮುಚ್ಚೈತೆ" ಎಂದರು. ತೂತು ಇದೆ, ದಾರಿ ಇಲ್ಲ. ಬಣ್ಣ ಒಳಗೇ ಕುಳಿತಿದೆ. ತೂಗಿ ನೋಡಿದ್ದನ್ನೇ ನಂಬಿ ನಿಲ್ಲಿಸಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಖತೀಜಾಬೀಗೆ ಹೇಳು, ಅವಳ ಬೂದಿ ಫಸ್ಟ್ ಕ್ಲಾಸಿನಲ್ಲಿ ಪಾಸು. ಉಡಚಮ್ಮನಿಗೆ ಈ ಪತ್ರವನ್ನು ಎರಡು ಸಲ ಓದಿ ಹೇಳು.

ಕುಣಿಯುತ್ತಿರುವ,
ಕರಿಬಸವ

ಹರಿಹರ
೩-೬-೧೯೬೪

ಕರಿಬಸವ,

ಜೂನ್ ಒಂದಕ್ಕೆ ಗುದ್ದಲಿ ಬಿತ್ತು. ಗುಂಡಿಗಲ್ಲ, ರಾಡಿಯ ಗುಡ್ಡೆಗೆ!

ಸಾಹುಕಾರರು ನಿಮ್ಮ ಕಾಗದವನ್ನು ಕನ್ನಡಕ ಹಾಕಿ ಓದಿದರು, ತೆಗೆದು ಓದಿದರು. "ಮಂಡಕ್ಕಿ ಬೂದಿಯೇನೋ ಇದು?" ಎಂದು ನಕ್ಕರು. ಆಮೇಲೆ, "ನಾ ಮಾತು ಕೊಟ್ಟೀನಿ. ಎಷ್ಟು ಜನ ಬೇಕು ತಗಾ" ಎಂದರು. ಮೂವತ್ತು ಜನ ಕೇಳಿದೆ, ಕೇರಿಗೆ ಕೇರಿಯೇ ಬಂತು. ಹೆಂಗಸರು ಬೂದಿ ಜರಡಿ ಹಿಡಿಯುತ್ತಿದ್ದಾರೆ. ಖತೀಜಾಬೀ ಕುರ್ಚಿ ಹಾಕಿಸಿಕೊಂಡು ಕರಿ ಬೂದಿಯನ್ನು ಪಕ್ಕಕ್ಕೆ ತಳ್ಳಿಸುತ್ತಾಳೆ, ಯಾರ ಮಾತನ್ನೂ ಕೇಳುವುದಿಲ್ಲ. ಗುಡ್ಡೆಗೆ ಟಾರ್ಪಾಲು ಹೊದಿಸಿದ್ದೇವೆ. ಹೊಯ್ದ ಕಲ್ಲನ್ನು ಹಿತ್ತಲಲ್ಲೇ ಎತ್ತರದ ಕಟ್ಟೆ ಕಟ್ಟಿ, ಮೇಲೆ ತಗಡು ಹಾಕಿ ಒಟ್ಟುತ್ತೇವೆ.

ಸುಣ್ಣದ ಗೆರೆಯನ್ನು ಉಡಚಮ್ಮ ಪೊರಕೆ ತೆಗೆದುಕೊಂಡು ತಾನೇ ಗುಡಿಸಿದಳು.

ಕೆಂಚವೀರ

ಹರಿಹರ
೧೯-೭-೧೯೬೪

ಕರಿಬಸವ,

ಕೊನೆಯ ಕಲ್ಲು ಹೊಯ್ದ ಮೂರನೆಯ ದಿನಕ್ಕೆ ಮಳೆ ಹಿಡಿಯಿತು. ಹದಿನೇಳು ದಿನ ಬಿಡದೆ ಸುರಿಯಿತು. ಹೊಳೆ ತುಂಬಿದೆ, ಬಾವಿಯಲ್ಲಿ ಕೈ ಚಾಚಿದರೆ ನೀರು ಸಿಗುತ್ತದೆ. ಹೋದ ವರ್ಷ ಇಷ್ಟು ಹೊತ್ತಿಗೆ ಹಳದಿಯಾಗಿತ್ತು. ದಿನವೂ ಬೆಳಿಗ್ಗೆ ಹೋಗಿ ಬಗ್ಗಿ ನೋಡುತ್ತೇನೆ. ನನ್ನ ಮುಖ ಕಾಣಿಸುತ್ತದೆ, ಅದರ ಕೆಳಗೆ ಅಪ್ಪ ಕಟ್ಟಿದ ಗೋಡೆ ಕಾಣಿಸುತ್ತದೆ. ಖತೀಜಾಬೀಯ ಮಂಡಕ್ಕಿ ಮಲ್ಲಿಗೆಯ ಹಾಗೆ ಬೆಳ್ಳಗಿದೆ.

ಆದರೆ ನನ್ನ ಕಣ್ಣನ್ನು ನಾನು ನಂಬುವುದಿಲ್ಲ, ಅದನ್ನು ಕಲಿಸಿದವನು ನೀನು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಬಾಟಲಿ ಬಾವಿ ನೀರು ಕಳಿಸಿದ್ದೇನೆ. ಪರೀಕ್ಷೆ ಮಾಡಿ ಇದ್ದದ್ದು ಇದ್ದ ಹಾಗೆ ಬರಿ. ಗೆಳೆಯ ಎಂದು ನೋಡಬೇಡ.

ಕೆಂಚವೀರ

ದಾವಣಗೆರೆ
೨೩-೭-೧೯೬೪

ಕೆಂಚವೀರ,

ಬಾಟಲಿ ತಲುಪಿತು. ನೀನು ಹೇಳಿದ ಹಾಗೆ ಗೆಳೆಯ ಎಂದು ನೋಡದೆ ಮದ್ದು ಹಾಕಿ ಮೂರು ಸಲ ನೋಡಿದೆ. ಬಣ್ಣದ ಸುಳಿವಿಲ್ಲ. ವರದಿ ಇದರ ಜೊತೆಗಿದೆ, ಶಿವಯೋಗಪ್ಪನವರ ಸಹಿಯೂ ಇದೆ.

ಪರೀಕ್ಷೆಗೆ ಅರ್ಧ ಬಾಟಲಿ ಸಾಕಾಯಿತು. ಉಳಿದರ್ಧ ಮೇಜಿನ ಮೇಲಿತ್ತು. ಎಲ್ಲರನ್ನೂ ಕರೆದೆ, ಪಾಠ ಮುಗಿಸಿ ಹೋಗುತ್ತಿದ್ದ ವಿದ್ಯಾರ್ಥಿಗಳನ್ನೂ ನಿಲ್ಲಿಸಿದೆ. ನೂರು ಜನ ಇದ್ದರೋ ಇಲ್ಲವೋ, ಎಣಿಸಲಿಲ್ಲ. ಐವತ್ತೆಂಟರಲ್ಲಿ ಎಷ್ಟು ಜೋರಾಗಿ ಕೂಗಿದ್ದೆನೋ ಅಷ್ಟೇ ಜೋರಾಗಿ, "ಇದು ನಮ್ಮ ಕೆಂಚವೀರಪ್ಪನ ಗಾರೆ ಕಾಪಾಡಿದ ನೀರು, ನಾ ಕುಡೀತೀನಿ ನೋಡ್ರಿ" ಎಂದು ಕೂಗಿ, ಬಾಟಲಿ ಎತ್ತಿ ಗಟಗಟ ಕುಡಿದೆ. ಪ್ರೊಫೆಸರರು ಬೆನ್ನು ತಟ್ಟಿದರು.

ಒಂಬತ್ತು ಮೈಲಿ ದೂರಕ್ಕೆ ಆರು ವರ್ಷ ಹಿಡಿಯಿತು. ಭಾನುವಾರ ಬೆಳಗಿನ ಪ್ಯಾಸೆಂಜರಿಗೆ ಬರುತ್ತೇನೆ. ಅರ್ಧ ಬಾಟಲಿಗೆ ನನ್ನ ಬಾಯಾರಿಕೆ ಹೋಗಲಿಲ್ಲ, ಒಂದು ಕೊಡ ಸೇದಿಡು.

ನಿನ್ನ,
ಕರಿಬಸವ